ಮಂಗಳೂರಿನಲ್ಲಿ ಎರಡು ದಿನ

ನಮ್ಮ ಸೀಮೆಯ ಕುಟುಂಬಗಳು ವರ್ಷಕ್ಕೊಮ್ಮೆಯಾದರೂ ಘಟ್ಟವಿಳಿದು ಕರಾವಳಿಯ ಕಡೆಗೆ ಹೋಗಿಬರುವುದು ವಾಡಿಕೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಉಡುಪಿ, ಕೊಲ್ಲೂರು, ಮುರ್ಡೇಶ್ವರಗಳೆಂದು ಪಟ್ಟಿ ಮಾಡಿಕೊಂಡು, ಬಾಡಿಗೆಯ ವಾಹನವೊಂದರಲ್ಲಿ ಹದಿನೈದು ಜನ ಕುಳಿತು, ಮೂರು ದಿನಗಳಲ್ಲಿ ಆರೇಳು ಕ್ಷೇತ್ರಗಳನ್ನು ಮುಗಿಸಿ ಬರುವ ಈ ಯಾತ್ರೆಯಲ್ಲಿ ಮಂಗಳೂರು ನಗರದ ಪಾಲಿಗೆ ಬರುವುದು ಹೆಚ್ಚೆಂದರೆ ಒಂದು ಸಂಜೆ. ಕಡಲ ದಂಡೆಯಲ್ಲಿ ಅರ್ಧ ಗಂಟೆ, ಐಸ್‌ಕ್ರೀಂ ಅಂಗಡಿಯಲ್ಲಿ ಅರ್ಧ ಗಂಟೆ, ಗೋಡಂಬಿ ಕೊಳ್ಳಲು ಇನ್ನರ್ಧ ಗಂಟೆ; ಅಲ್ಲಿಗೆ ಮಂಗಳೂರು ನೋಡಿದಂತಾಯಿತು. ಕಳೆದ ಚಳಿಗಾಲದಲ್ಲಿ ನಾವು ಮೂರು ಮನೆಯವರು ಕೂಡಿ ಈ ವಾಡಿಕೆಯನ್ನು ಬದಿಗಿಟ್ಟು, ಎರಡು ಹಗಲು ಎರಡು ರಾತ್ರಿ ಈ ಒಂದೇ ಊರಿನಲ್ಲಿ ತಂಗಿದೆವು. ಬಯಲುಸೀಮೆಯ ಲಿಂಗವಂತ ಮನೆತನಗಳಿಗೆ ಈ ಊರು ಅಷ್ಟೇನೂ ಪರವೂರಲ್ಲವೆಂಬುದು ನಮಗೆ ಮನವರಿಕೆಯಾಯಿತು. ಆ ಸಂಗತಿಯನ್ನು ವಾಚಕ ಬಂಧುಗಳಲ್ಲಿ ನಿವೇದಿಸಿಕೊಳ್ಳುವುದೇ ಈ ಲೇಖನದ ಉದ್ದೇಶ.

ವಿಜಯಪುರದಿಂದ ಗದಗ, ಹುಬ್ಬಳ್ಳಿ, ದಾವಣಗೆರೆ, ಹಾಸನಗಳ ಮಾರ್ಗವಾಗಿ ಮಂಗಳೂರಿಗೆ 2019ರಿಂದ ರೈಲು ಸಂಚಾರವಾಗಿದೆ. ವೃದ್ಧರೂ ಮಕ್ಕಳೂ ಇರುವ ಮನೆಯವರಿಗೆ ಘಟ್ಟದ ತಿರುವುಗಳಲ್ಲಿ ವಾಂತಿಯ ಕಾಟವಿಲ್ಲದ ಈ ದಾರಿಯೇ ಲೇಸು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಸುಮಾರು 55 ಕಿ.ಮೀ. ಹಾದಿಯಲ್ಲಿ 57 ಸುರಂಗಗಳಿವೆ. ಮಕ್ಕಳು ಅವುಗಳನ್ನು ಎಣಿಸುತ್ತ ಹೋಗಿ ನಡುವೆ ಲೆಕ್ಕ ತಪ್ಪಿ ಜಗಳವಾಡುವುದೂ ಪ್ರಯಾಣದ ಒಂದು ಭಾಗವೇ.

ನಗರದ ನಡುಭಾಗವೆಂದರೆ ಹಂಪನಕಟ್ಟೆ. ಬಸ್ಸುಗಳ ಗದ್ದಲದ ನಡುವೆ ಅಲ್ಲಿಯೇ ಮಿಲಾಗ್ರಿಸ್ ಚರ್ಚು ನಿಂತಿದೆ. ಲಿಂಗವಂತರು ಇಲ್ಲೇಕೆ ನಿಲ್ಲಬೇಕೆಂದು ನಮ್ಮ ಜೊತೆಯವರೊಬ್ಬರು ಕೇಳಿದರು. ನಿಲ್ಲಲು ಕಾರಣವಿದೆ. ಈ ಚರ್ಚಿನ ಮೂಲ ಸ್ಥಾಪನೆ 1680ರದು. ಅದಕ್ಕೆ ಬೇಕಾದ ನೆಲವನ್ನು ಬಿಷಪ್ ಥಾಮಸ್ ದ ಕಾಸ್ತ್ರೊ ಅವರಿಗೆ ದಾನವಾಗಿ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮಾಜಿಯೆಂದು ಚರ್ಚಿನ ಚರಿತ್ರೆಯೇ ಹೇಳುತ್ತದೆ. ಔರಂಗಜೇಬನ ಸೇನೆ ಬೆನ್ನಟ್ಟಿ ಬರುತ್ತಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಶರಣೆ ಅವಳೇ. ಕೆಳದಿಯ ನಾಯಕರು ನಮ್ಮವರೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅವರ ರಾಜ್ಯವು ಈ ಕಡಲ ತೀರವನ್ನೂ ಒಳಗೊಂಡಿತ್ತೆಂಬುದನ್ನೂ, ಶಿವಪ್ಪನಾಯಕನು ಪೋರ್ಚುಗೀಸರ ಕೈಯಿಂದ ಮಂಗಳೂರನ್ನು ಗೆದ್ದುಕೊಂಡನೆಂಬುದನ್ನೂ, ಮುಂದೆ ಅದೇ ಮನೆತನದ ರಾಣಿ ಅನ್ಯಮತದವರ ಪ್ರಾರ್ಥನೆಗೂ ನೆಲ ಬಿಟ್ಟುಕೊಟ್ಟಳೆಂಬುದನ್ನೂ ಎಷ್ಟು ಮನೆಗಳಲ್ಲಿ ಮಕ್ಕಳಿಗೆ ಹೇಳಿರುತ್ತೇವೆ? ಈಗಿರುವ ಕಟ್ಟಡ ಅನಂತರದ್ದು. ನೆಲ ಮಾತ್ರ ಅದೇ.

ಅಲ್ಲಿಂದ ಏರುದಾರಿಯಲ್ಲಿ ತುಸು ನಡೆದರೆ ಬಾವುಟಗುಡ್ಡ. ಹೆಸರಿನಲ್ಲಿಯೇ ಕಥೆಯಿದೆ. 1834ರಲ್ಲಿ ಇಂಗ್ಲಿಷರು ಕೊಡಗಿನ ದೊರೆ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದರು. ಹಾಲೇರಿ ವಂಶದ ಆ ಅರಸರು ಲಿಂಗವಂತರೆಂಬುದು ಪ್ರಸಿದ್ಧ. ಬಳಿಕ ಅಮರ ಸುಳ್ಯ ಸೀಮೆಯನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿಯೇ ಕೊಡಬೇಕೆಂದು ವಿಧಿಸಲಾಯಿತು. ಬೆಳೆದವನ ಕೈಯಲ್ಲಿ ಕಾಳಿರುತ್ತದೆಯೇ ಹೊರತು ರೊಕ್ಕವಿರುವುದಿಲ್ಲ. 1837ರಲ್ಲಿ ರೈತರು ದಂಗೆಯೆದ್ದರು. ಪುಟ್ಟಬಸಪ್ಪನೆಂಬಾತನು ಕಲ್ಯಾಣಸ್ವಾಮಿ ಎಂಬ ಜಂಗಮನ ಹೆಸರನ್ನು ಧರಿಸಿ ಮುಂದೆ ನಿಂತನು. ಕೆದಂಬಾಡಿ ರಾಮಯ್ಯಗೌಡರಂಥ ನಾಡಗೌಡರು ಜೊತೆಗೂಡಿದರು. ಪುತ್ತೂರು, ಬಂಟ್ವಾಳಗಳನ್ನು ದಾಟಿ ಬಂದ ಈ ಪಡೆಯು ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದು, ಈ ಗುಡ್ಡದ ಮೇಲೆ ತನ್ನ ಬಾವುಟವನ್ನು ಹಾರಿಸಿತು. ಹದಿಮೂರು ದಿನ ಊರು ಅವರ ವಶದಲ್ಲಿತ್ತು. ಬಳಿಕ ಹೊರಗಿನಿಂದ ಇಂಗ್ಲಿಷರ ಸೇನೆ ಬಂದಿತು. ಪುಟ್ಟಬಸಪ್ಪನನ್ನು ನಗರದ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. 1857ಕ್ಕಿಂತ ಇಪ್ಪತ್ತು ವರ್ಷ ಮೊದಲಿನ ಮಾತಿದು. 2022ರಲ್ಲಿ ಗುಡ್ಡದ ಮೇಲೆ ರಾಮಯ್ಯಗೌಡರ ಕಂಚಿನ ಪ್ರತಿಮೆಯನ್ನು ಸ್ಥಾಪಿಸಲಾಯಿತು. ಜಂಗಮವೇಷದ ಪುಟ್ಟಬಸಪ್ಪನನ್ನು ನಮ್ಮ ಜಯಂತಿ, ಉತ್ಸವಗಳಲ್ಲಿ ಸ್ಮರಿಸುವುದು ಅಪರೂಪವೇ.

ಅದೇ ಗುಡ್ಡದ ಮಗ್ಗುಲಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರವಿದೆ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಸಹೋದರನು 1899ರಿಂದ 1901ರವರೆಗೆ ದುಡಿದು ಇದರ ಗೋಡೆ, ಮಾಳಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿದನು. ಗಾರೆ ಇನ್ನೂ ಹಸಿಯಾಗಿರುವಾಗಲೇ ಬಣ್ಣ ಬಳಿಯಬೇಕು. ಒಣಗಿದ ಮೇಲೆ ತಿದ್ದುಪಡಿಗೆ ಅವಕಾಶವಿಲ್ಲ. ಅಷ್ಟು ಕೆಲಸವನ್ನು ಅಷ್ಟು ಅವಧಿಯಲ್ಲಿ ಮಾಡಿದವನ ಕಾಯಕನಿಷ್ಠೆಯನ್ನು ಕಂಡು ನಮ್ಮೊಡನಿದ್ದ ನಿವೃತ್ತ ಡ್ರಾಯಿಂಗ್ ಮಾಸ್ತರರು ಬಹಳ ಹೊತ್ತು ಮಾತನಾಡಲಿಲ್ಲ. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ಅದು ಒಳ್ಳೆಯದೇ, ಎಲ್ಲರೂ ತಲೆಯೆತ್ತಿ ನೋಡುತ್ತಾರೆ.

ಬಲ್ಮಠವು ಇಲ್ಲಿಗೆ ಸಮೀಪ. ನೋಡುವುದಕ್ಕೆ ಅಲ್ಲಿ ಹೆಚ್ಚಿನದೇನೂ ಇಲ್ಲ, ನೆನೆಯುವುದಕ್ಕೆ ಬಹಳವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿದರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೊಗ್ಲಿಂಗ್ ಅವರು 1843ರ ಜುಲೈ 1ರಂದು ಹೊರತಂದದ್ದು ಈ ಊರಿನಿಂದಲೇ. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಈ ಮಿಶನ್ನಿನ ಮುದ್ರಣಾಲಯದಲ್ಲಿಯೇ. ಇಷ್ಟು ಎಲ್ಲರಿಗೂ ಗೊತ್ತು. ಮೊಗ್ಲಿಂಗರು ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂಬ ಮಾಲೆಯನ್ನು ಕೈಗೊಂಡು, ಕ್ಯಾಸಮೇಜರ್ ಎಂಬ ಆಂಗ್ಲ ಅಧಿಕಾರಿಯ ಧನಸಹಾಯದಿಂದ ಪ್ರಕಟಿಸಿದ ಹಳೆಯ ಗ್ರಂಥಗಳಲ್ಲಿ ಭೀಮಕವಿಯ ಬಸವಪುರಾಣವೂ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವೂ ಇದ್ದವೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 1369ರಲ್ಲಿ ರಚಿತವಾಗಿ, ಮಠಗಳ ಓಲೆಗರಿಗಳಲ್ಲಿ ಬಾಳಿಕೊಂಡು ಬಂದ ಬಸವಪುರಾಣವು ಕಾಗದದ ಮೇಲೆ ಅಚ್ಚಾಗಿ ಮನೆಮನೆಗೆ ತಲುಪಲು ತೊಡಗಿದ ದಾರಿ ಈ ಕಡಲೂರಿನಿಂದ ಹೊರಟದ್ದು.

ಇದರ ಇನ್ನೊಂದು ಮಗ್ಗುಲನ್ನೂ ಮರೆಮಾಚದೆ ಹೇಳಬೇಕು. ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯನ್ನು ಮೊದಲು ಕಳುಹಿಸಿದ್ದು ಮಂಗಳೂರಿನ ಈ ಮಿಶನ್ ಮುದ್ರಣಾಲಯಕ್ಕೇ, ಅವರು ಅದನ್ನು ಅಚ್ಚುಮಾಡದೆ ಹಿಂದಿರುಗಿಸಿದರೆಂಬ ಪ್ರಸಂಗವನ್ನು ಹಳಕಟ್ಟಿಯವರ ಜೀವನಚರಿತ್ರೆಯನ್ನು ಬರೆದವರು ಹೇಳುತ್ತ ಬಂದಿದ್ದಾರೆ. ಗ್ರಂಥವು ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಮುಂದೆ ಅವರು ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಪುರಾಣವನ್ನು ಅಚ್ಚಿಸಿದ ಕೈ ವಚನಗಳ ಮುಂದೆ ಏಕೆ ಹಿಂಜರಿಯಿತೆಂದು ನಮ್ಮ ತರುಣರು ಬಿಸಿಯಾಗಿ ಚರ್ಚಿಸಿದರು. ವಚನಗಳ ಬಲವನ್ನು ಅವರು ಸರಿಯಾಗಿಯೇ ಅಳೆದಿದ್ದರೆಂದು ನಮಗೆ ತೋರುತ್ತದೆ. ಆದರೂ ಮೊಗ್ಲಿಂಗರ ಋಣ ಋಣವೇ.

ಮಧ್ಯಾಹ್ನದ ಊಟದ ವಿಷಯ. ಮಂಗಳೂರು ಮೀನಿನೂರು, ಫಲಕದ ಮೇಲೆ ಶುದ್ಧ ಸಸ್ಯಾಹಾರಿ ಎಂದಿರುವುದನ್ನು ನೋಡಿಕೊಂಡು ಒಳಹೋಗುವುದು ಕ್ಷೇಮ. ಅಂಥ ಹೋಟೆಲುಗಳಿಗೇನೂ ಕೊರತೆಯಿಲ್ಲ. ನೀರುದೋಸೆ, ಗೋಳಿಬಜೆ, ಬಾಳೆಹಣ್ಣು ಬೆರೆಸಿದ ಬನ್ಸ್, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಕೆಸುವಿನೆಲೆಯ ಪತ್ರೊಡೆ ಇವುಗಳನ್ನು ತಿನ್ನದೆ ಬರಬಾರದು. ತೆಂಗಿನೆಣ್ಣೆಯ ವಾಸನೆಗೆ ಹಿರಿಯರು ಮೊದಲು ಮೂಗು ಮುರಿದರು. ಎರಡನೆಯ ದಿನ ಅವರೇ ಬನ್ಸ್ ಕೇಳಿದರು. ಕುಚ್ಚಲಕ್ಕಿಯ ಅನ್ನ ಮಾತ್ರ ನಮ್ಮವರಿಗೆ ಒಗ್ಗಲಿಲ್ಲ. ರೊಟ್ಟಿ, ಶೇಂಗಾ ಹಿಂಡಿಗಳ ಗಂಟು ಜೊತೆಗಿರಲಿ.

ಸಂಜೆ ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರಕ್ಕೆ ಹೋದೆವು. ಬಿಲ್ಲವರೇ ಮೊದಲಾದವರಿಗೆ ದೇವಾಲಯಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1912ರಲ್ಲಿ, ಕೇರಳದ ನಾರಾಯಣ ಗುರುಗಳು ತಾವೇ ಬಂದು ಇಲ್ಲಿ ಶಿವಲಿಂಗವನ್ನು ಪ್ರತಿಷ್ಠಾಪಿಸಿದರು. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸುವ ನಮಗೆ ಸ್ಥಾವರದ ಹಂಗಿಲ್ಲವೆಂಬ ಮಾತು ಸರಿಯೇ. ಆದರೆ ಬಾಗಿಲು ಮುಚ್ಚಿಸಿಕೊಂಡವರು ತಮ್ಮ ಬಾಗಿಲನ್ನು ತಾವೇ ಕಟ್ಟಿ ಎಲ್ಲರಿಗೂ ತೆರೆದಿಟ್ಟ ಸ್ಥಳವಿದು. 2013ರಲ್ಲಿ ಈ ಕ್ಷೇತ್ರವು ಇಬ್ಬರು ವಿಧವೆಯರನ್ನು ಅರ್ಚಕಿಯರನ್ನಾಗಿ ನೇಮಿಸಿತೆಂಬುದನ್ನು ನಾವು ಪ್ರಾಂಗಣದಲ್ಲಿ ಕುಳಿತು ಹೇಳುತ್ತಿದ್ದಾಗ, ನಮ್ಮೊಡನಿದ್ದ ದೊಡ್ಡವ್ವನವರು, “ಪೂಜಾ ಮಾಡಾಕ ನನ್ನಂಥಾಕಿನ್ನ ಕರದು ನಿಲ್ಲಿಸಿದ್ರೇನಪಾ?” ಎಂದು ಎರಡು ಸಲ ಕೇಳಿದರು. ಅವರ ಯಜಮಾನರು ಲಿಂಗೈಕ್ಯರಾಗಿ ಹದಿನಾಲ್ಕು ವರ್ಷಗಳಾಗಿವೆ. ಮೊಮ್ಮಗಳ ಮದುವೆಯಲ್ಲಿ ಅರಿಶಿಣ ಹಚ್ಚುವ ಹೊತ್ತಿಗೆ ಅವರು ತಾವಾಗಿಯೇ ಅಡುಗೆಮನೆಗೆ ಸರಿದದ್ದನ್ನು, ಹೊರಗೆ ಬನ್ನಿರೆಂದು ಯಾರೂ ಕರೆಯದಿದ್ದುದನ್ನು ಅಲ್ಲಿದ್ದ ನಾವೆಲ್ಲರೂ ಬಲ್ಲೆವು. ದೊಡ್ಡವ್ವನವರ ಸೊಸೆ ಉತ್ತರ ಕೊಡಲಿಲ್ಲ. ಅವರ ಕೈ ಹಿಡಿದುಕೊಂಡು ಕುಳಿತಳು. ಹನ್ನೆರಡನೆಯ ಶತಮಾನದ ಮಾತನ್ನು ಸಭೆಗಳಲ್ಲಿ ಆಡುವ ನಮ್ಮ ಮನೆಗಳ ಸ್ಥಿತಿ ಹೀಗಿದೆ.

ಕುದ್ರೋಳಿಯ ಮುಂದೆ ಬೋಳೂರಿನಲ್ಲಿ, ಗುರುಪುರ ನದಿಯ ದಂಡೆಯ ಮೇಲೆ ಸುಲ್ತಾನ್ ಬತ್ತೇರಿಯಿದೆ. ಶತ್ರುಗಳ ಹಡಗುಗಳು ನದಿಯೊಳಗೆ ಬಾರದಂತೆ ಕಾಯಲು ಟಿಪ್ಪುವು 1784ರಲ್ಲಿ ಕರಿಗಲ್ಲಿನಲ್ಲಿ ಕಟ್ಟಿಸಿದ ಚಿಕ್ಕ ಬುರುಜು. ಐದು ನಿಮಿಷದ ನೋಟ. ಅಲ್ಲಿಂದ ದೋಣಿಯಲ್ಲಿ ನದಿ ದಾಟಿದರೆ ತಣ್ಣೀರುಬಾವಿ. ಗಾಳಿಮರಗಳ ಆಚೆಗೆ ಕಡಲು. ಮಕ್ಕಳಿಗೆ ಬುರುಜಿಗಿಂತ ದೋಣಿಯೇ ಮೇಲೆನಿಸಿತು.

ಮರುದಿನ ಬೆಳಗ್ಗೆ ಪೂಜೆ ಮುಗಿಸಿ ಕದ್ರಿಗೆ ಹೋದೆವು. ಮಂಜುನಾಥ ದೇವಾಲಯದಲ್ಲಿರುವ ಮೂರು ಮುಖ, ಆರು ತೋಳುಗಳ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಆಳುಪ ದೊರೆ ಕುಂದವರ್ಮನು 968ರಲ್ಲಿ ಮಾಡಿಸಿದನೆಂದು ಅದರ ಪೀಠದ ಶಾಸನವೇ ಹೇಳುತ್ತದೆ. ಸಾವಿರ ವರ್ಷದ ಹಿಂದೆ ಕಂಚನ್ನು ಹೀಗೆ ಎರಕ ಹೊಯ್ದವರು ಯಾರೋ! ದೇವಾಲಯದ ಹಿಂದಿನ ಮೆಟ್ಟಿಲುಗಳನ್ನೇರಿದರೆ ಕೆರೆಗಳು, ಅವುಗಳನ್ನು ದಾಟಿ ಗುಡ್ಡದ ಮೇಲೆ ನಾಥಪಂಥದ ಜೋಗಿಮಠ. ಹನ್ನೆರಡು ವರ್ಷಗಳಿಗೊಮ್ಮೆ ಈ ಮಠದ ಹೊಸ ಅಧಿಪತಿಯು ನಾಸಿಕದ ತ್ರ್ಯಂಬಕೇಶ್ವರದಿಂದ ಕಾಲ್ನಡಿಗೆಯಲ್ಲಿ ಬರುವ ಸಂಪ್ರದಾಯ ಇಂದಿಗೂ ನಡೆದಿದೆ. ಗೋರಕ್ಷ, ಮತ್ಸ್ಯೇಂದ್ರರ ಹೆಸರುಗಳನ್ನು ಇಲ್ಲಿ ಕೇಳಿದಾಗ ಶೂನ್ಯಸಂಪಾದನೆ ನೆನಪಾಗದಿರದು. ವಜ್ರಕಾಯನಾದ ಗೋರಕ್ಷನ ಮೈಗೆ ಕತ್ತಿ ತಾಗಿದರೆ ಖಣಿಲೆಂದು ಸದ್ದಾಗುತ್ತದೆ. ಅಲ್ಲಮಪ್ರಭುಗಳ ಮೈಯಲ್ಲಿ ಅದೇ ಕತ್ತಿ ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಶ್ರಾವಣದ ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ ಈ ಪ್ರಸಂಗವನ್ನು ಆ ಪರಂಪರೆಯವರದೇ ಅಂಗಳದ ಕಟ್ಟೆಯ ಮೇಲೆ ಕುಳಿತು ಮಕ್ಕಳಿಗೆ ಹೇಳಿದೆವು. ಅದರ ರುಚಿಯೇ ಬೇರೆ.

ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ವಸ್ತುಸಂಗ್ರಹಾಲಯದ ಕಟ್ಟಡವೇ ಹಡಗಿನ ಆಕಾರದಲ್ಲಿದೆ. ಪಿಲಿಕುಳದ ಪ್ರಾಣಿಸಂಗ್ರಹಾಲಯ ಮತ್ತು ತಾರಾಲಯಗಳಿಗೆ ಅರ್ಧ ದಿನ ಬೇಕು, ಮಕ್ಕಳಿದ್ದರೆ ತಪ್ಪಿಸುವಂತಿಲ್ಲ.

ಇನ್ನು ಸಮುದ್ರ. ನೇತ್ರಾವತಿಯ ಸೇತುವೆಯನ್ನು ದಾಟಿ ದಕ್ಷಿಣಕ್ಕೆ ಹೋದರೆ ಸೋಮೇಶ್ವರ. ಕಡಲಿಗೆ ಚಾಚಿದ ಬಂಡೆಗಳ ಮೇಲೆ ಸೋಮನಾಥ ದೇವಾಲಯ. ಆ ಬಂಡೆಗಳಿಗೆ ರುದ್ರಪಾದೆಯೆಂದು ಹೆಸರು. ನೋಟ ಭವ್ಯವಾದದ್ದು, ಸ್ಥಳ ಅಪಾಯದ್ದು. ನಮ್ಮ ಹುಡುಗರಿಬ್ಬರು ಫೋಟೋ ತೆಗೆಯಲು ಬಂಡೆಯತ್ತ ಓಡಿದಾಗ, ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರು ಎದ್ದು ನಿಂತು, “ಮಕ್ಕಳನ್ನು ಆಚೆ ಬಿಡಬೇಡಿ ಮಾರಾಯ್ರೆ, ಕಲ್ಲು ಜಾರ್ತದೆ, ಬಿದ್ದರೆ ತೆಗಿಲಿಕ್ಕೆ ಆಗುದಿಲ್ಲ” ಎಂದು ಕೂಗಿದರು. ಕೆರೆಯಲ್ಲಿ, ಹೊಳೆಯಲ್ಲಿ ಈಜಿದವನಿಗೂ ಕಡಲಿನ ನೀರು ತಿಳಿಯದು. ದಡಕ್ಕೆ ಬಂದ ತೆರೆ ಹಿಂದಿರುಗುವಾಗ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಮಕ್ಕಳನ್ನು ನೀರಿಗಿಳಿಸಲೇಬೇಕೆಂದರೆ ನಗರದ ಉತ್ತರಕ್ಕೆ, ಬಂದರಿನ ಮಗ್ಗುಲಲ್ಲಿರುವ ಪಣಂಬೂರಿಗೆ ಹೋಗಿರಿ. ಅಲ್ಲಿ ಜೀವರಕ್ಷಕರಿರುತ್ತಾರೆ, ಅವರು ಶೀಟಿ ಊದಿದಾಗ ಹಿಂದಿರುಗಿರಿ. ಮೊಣಕಾಲಿನವರೆಗಿನ ನೀರು ಸಾಕು.

ಹೋಗಲು ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಯೋಗ್ಯ. ಆಗ ಯಕ್ಷಗಾನ ಮೇಳಗಳ ತಿರುಗಾಟವೂ ನಡೆದಿರುತ್ತದೆ, ರಾತ್ರಿ ಚೆಂಡೆಯ ಸದ್ದು ಕೇಳಿದ ಕಡೆಗೆ ಹೋದರೆ ಆಟ ನೋಡಬಹುದು. ಮಾರ್ಚಿ ಬಂದಿತೆಂದರೆ ಬೆವರಿನ ಬಾಧೆ. ಜೂನ್ ತಿಂಗಳಿನಿಂದ ಮಳೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು, ಕಡಲನ್ನೇ ನಂಬಿ ಬದುಕುವವರ ದೋಣಿಗಳೂ ಆ ದಿನಗಳಲ್ಲಿ ಧಕ್ಕೆಯಲ್ಲಿ ಸಾಲಾಗಿ ಕಟ್ಟಿಹಾಕಿಕೊಂಡು ನಿಂತಿರುತ್ತವೆ.