ಸುಂಕದವನ ಮುಂದೆ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ವರ್ಷಕ್ಕೊಮ್ಮೆಯಾದರೂ ತರಗತಿಯಲ್ಲಿ ವಿವರಿಸುತ್ತ ಬಂದವನು ನಾನು. ಅದರ ಅರ್ಥ ನನಗೇ ಆದದ್ದು ಮಾತ್ರ 2021ರಲ್ಲಿ.

ಹೊಸನಗರ ತಾಲ್ಲೂಕಿನ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಒಂದು ತಗಡಿನ ಡಬ್ಬಿಯಿತ್ತು. ಅದರೊಳಗೆ ಮೂರು ಸ್ಪೂಲ್ ಟೇಪುಗಳು. 1972ರಲ್ಲಿ ತೀರ್ಥಹಳ್ಳಿಯ ಸಾಹುಕಾರರೊಬ್ಬರ ಮನೆಯಲ್ಲಿ ನಡೆದ ‘ಕರ್ಣಪರ್ವ’ ತಾಳಮದ್ದಳೆಯಲ್ಲಿ ಅಜ್ಜ ಕರ್ಣನ ಅರ್ಥ ಹೇಳಿದ್ದರು. ಆ ಮನೆಯವರು ತಮ್ಮ ಯಂತ್ರದಲ್ಲಿ ಅದನ್ನು ಹಿಡಿದಿಟ್ಟು, ಟೇಪುಗಳನ್ನು ಆಮೇಲೆ ನಮಗೆ ಕೊಟ್ಟರು. ಕೊಟ್ಟರೇನು, ಕೇಳಲು ನಮ್ಮಲ್ಲಿ ಯಂತ್ರವಿರಲಿಲ್ಲ. ಕೆಳಗಿನ ಒಲೆಯ ಹೊಗೆಯಿಂದಲೋ ಏನೋ, ಮಲೆನಾಡಿನ ಅಷ್ಟು ಮಳೆಗಾಲಗಳನ್ನು ಕಂಡೂ ಅವಕ್ಕೆ ಬೂಷ್ಟು ಹಿಡಿದಿರಲಿಲ್ಲ. ಅಜ್ಜನನ್ನು ನಾನು ನೋಡಿಲ್ಲ. ಅಜ್ಜಿಗೆ ಆಗ ಎಂಬತ್ತೊಂಬತ್ತು. ಒಂದು ಕಿವಿ ಹೋಗಿತ್ತು, ಇನ್ನೊಂದು ಹೊರಟಿತ್ತು.

ಅಮೆರಿಕದಲ್ಲಿರುವ ದೊಡ್ಡಪ್ಪನ ಮಗ, ನಮ್ಮ ಅಣ್ಣ, ಸುಮಾರು 150 ಡಾಲರಿಗೆ, ಎಂದರೆ ನಮ್ಮ 11,000 ರೂಪಾಯಿಗೆ, ಹಳೆಯ ಸ್ಪೂಲ್ ಯಂತ್ರವೊಂದನ್ನು ಕೊಂಡು ಅಂಚೆಯಲ್ಲಿ ಕಳುಹಿಸಿದ. ಪೆಟ್ಟಿಗೆಯ ಮೇಲೆ ‘ಉಡುಗೊರೆ’ ಎಂದು ಬರೆದ. ಪಾಪ, ಆ ಶಬ್ದದ ಬೆಲೆ ಅವನಿಗೆ ತಿಳಿದಿರಲಿಲ್ಲ. ಹೊರದೇಶದಿಂದ ಅಂಚೆಯಲ್ಲಿಯೋ ಕೊರಿಯರಿನಲ್ಲಿಯೋ ಬರುವ ಉಡುಗೊರೆಗೆ 5,000 ರೂಪಾಯಿಯವರೆಗೆ ಇದ್ದ ಸುಂಕದ ವಿನಾಯಿತಿಯನ್ನು 2019ರ ಡಿಸೆಂಬರಿನಲ್ಲಿ ಸರ್ಕಾರ ತೆಗೆದುಹಾಕಿತ್ತು. ಉಳಿದದ್ದು ಜೀವರಕ್ಷಕ ಔಷಧಿಗೆ ಮತ್ತು ರಾಖಿಗೆ. ರಾಖಿಗೆ ಮಾತ್ರ, ಅದರ ಜೊತೆಗೆ ಬರುವ ಕಾಣಿಕೆಗಲ್ಲ! ಈ ಸೂಕ್ಷ್ಮವನ್ನು ಕಂಡ ಮಹನೀಯರು ವ್ಯಾಕರಣ ಬರೆಯಬೇಕಿತ್ತು.

ಮೂರು ವಾರಗಳ ನಂತರ ಸಾಗರದ ನನ್ನ ವಿಳಾಸಕ್ಕೆ ಪತ್ರ ಬಂತು. ಕೊಂಡ ರಸೀದಿ ಎಲ್ಲಿ? ಗುರುತಿನ ಚೀಟಿಯ ಪ್ರತಿ ಎಲ್ಲಿ? ಬಳಸಿದ ವಸ್ತುವಾದರೆ ಆಮದಿಗೆ ಪರವಾನಗಿ ಇದೆಯೇ? ಹೊಸದನ್ನು ತರಿಸೋಣವೆಂದರೆ ಅಂಥ ಯಂತ್ರ ಅಂಗಡಿಯಲ್ಲಿ ಸಿಕ್ಕುವ ಕಾಲ ಎಂದೋ ಮುಗಿದಿದೆ. ನಾನು ಎರಡು ಪುಟದ ಉತ್ತರ ಬರೆದೆ. ಅದರಲ್ಲಿ ತಾಳಮದ್ದಳೆಯ ಮಹತ್ತ್ವವಿತ್ತು, ಅಜ್ಜಿಯ ಕಿವಿಯಿತ್ತು. ಹನ್ನೆರಡನೆಯ ಶತಮಾನದಲ್ಲಿ ಸುಂಕ ವಸೂಲಿಯ ಕಾಯಕ ಮಾಡುತ್ತಲೇ ವಚನಕಾರನಾದ ಸುಂಕದ ಬಂಕಣ್ಣನೂ ಇದ್ದ. ಕಾಲೇಜಿನ ವಾಣಿಜ್ಯಶಾಸ್ತ್ರದ ಮಿತ್ರರು ಓದಿ, ನಕ್ಕು, ಬಂಕಣ್ಣನಿಂದ ಹಿಡಿದು ಅಜ್ಜಿಯವರೆಗೆ ಎಲ್ಲರನ್ನೂ ಹೊಡೆದುಹಾಕಿ ಮೂರು ಸಾಲು ಉಳಿಸಿದರು: ಯಂತ್ರ ಒಂದೇ, ಸ್ವಂತ ಬಳಕೆಗೆ, ಮಾರಾಟಕ್ಕಲ್ಲ.

ಅದು ಕೊರೋನಾದ ಎರಡನೆಯ ಅಲೆಯ ಕಾಲ. ಕಚೇರಿಗಳಲ್ಲಿ ಜನವಿಲ್ಲ, ದೂರವಾಣಿ ಎತ್ತುವವರಿಲ್ಲ. ಊರಿನಲ್ಲಿ ದಿನಕ್ಕೊಂದು ಸಾವಿನ ಸುದ್ದಿ. ಅಜ್ಜಿಗೆ ಜ್ವರ ಬಂದ ರಾತ್ರಿ ನಾನು ಹೆದರಿದ್ದು ಅವಳಿಗಾಗಿಯೋ, ಆ ಪೆಟ್ಟಿಗೆ ತಡವಾಯಿತೆಂದೋ ಎಂದು ಕೇಳಿದರೆ ಉತ್ತರ ಹೇಳಲು ನಾಚಿಕೆಯಾಗುತ್ತದೆ. ಜ್ವರ ಇಳಿಯಿತು.

ಎರಡೂವರೆ ತಿಂಗಳಿಗೆ ಪೆಟ್ಟಿಗೆ ಬಂತು. ಆಗಿನ ದರದಂತೆ ಮೂಲ ಸುಂಕ ನೂರಕ್ಕೆ 35. ಅದರ ಮೇಲೆ ಮೇಲ್ತೆರಿಗೆ, ಎಲ್ಲದರ ಮೇಲೆ ನೂರಕ್ಕೆ 28ರ ಜಿ.ಎಸ್.ಟಿ. ಕೂಡಿದರೆ ನೂರಕ್ಕೆ 77 ದಾಟುತ್ತದೆ. ಸಾಗಣೆಯ ಪಾಲೂ ಬೆಲೆಗೆ ಸೇರಿ, ಹತ್ತು ಸಾವಿರದ ಚಿಲ್ಲರೆ ತೆತ್ತೆ. ಹೆಚ್ಚುಕಡಿಮೆ ಎರಡನೆಯ ಯಂತ್ರದ ಬೆಲೆ! ಅಂಚೆಯಣ್ಣ ಮಾತ್ರ ಹದಿನಾರು ಕಿಲೋ ಭಾರವನ್ನು ಇಳಿಸಿ, ‘ಏನು ಸಾರ್, ಗ್ರೈಂಡರಾ?’ ಎಂದು ಕೇಳಿ, ಒಂದು ಲೋಟ ನೀರು ಕುಡಿದು ಹೋದ.

ಊರಿಗೆ ಒಯ್ದು, 110 ವೋಲ್ಟಿನ ಟ್ರಾನ್ಸ್‌ಫಾರ್ಮರಿಗೆ ಜೋಡಿಸಿ ಟೇಪು ಹಾಕಿದೆವು. ಗುಹೆಯೊಳಗಿಂದ ಬಂದಂತಹ ಮಂದ, ದಪ್ಪ ಧ್ವನಿ. ಅಜ್ಜಿ ಒಳ್ಳೆಯ ಕಿವಿಯನ್ನು ಒಡ್ಡಿ ಕೇಳಿ, ‘ಮಾಣಿ, ಇದು ಅವರ ಸ್ವರ ಅಲ್ಲ’ ಎಂದಳು. ಎದ್ದು ಒಳಗೆ ಹೋದಳು.

ಅವಳ ಮಾತು ಸುಳ್ಳಾಗಿರಲಿಲ್ಲ. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತ, ನಮ್ಮದು 50. ಟ್ರಾನ್ಸ್‌ಫಾರ್ಮರು ವೋಲ್ಟನ್ನು ತಗ್ಗಿಸೀತು, ಆವರ್ತವನ್ನು ತಿದ್ದಲಾರದು. ಆ ಜಾತಿಯ ಮೋಟಾರು ಇಲ್ಲಿ ಆರರಲ್ಲಿ ಐದು ಪಾಲಿನ ವೇಗದಲ್ಲಿಯೇ ತಿರುಗುತ್ತದೆ. ಸಾಗರದ ರೇಡಿಯೋ ರಿಪೇರಿಯವರೊಬ್ಬರು ಇದನ್ನು ಕೇಳಿದೊಡನೆ ಗುರುತಿಸಿ, ಮೋಟಾರಿನ ಪುಲ್ಲಿಯನ್ನು ಐದರಲ್ಲೊಂದು ಪಾಲು ದೊಡ್ಡದಾಗಿ ಲೇತಿನಲ್ಲಿ ಕಡೆಸಿಕೊಟ್ಟರು. ತೆಗೆದುಕೊಂಡದ್ದು 300 ರೂಪಾಯಿ.

ಮುಂದಿನ ಭಾನುವಾರ ಮತ್ತೆ ಟೇಪು ಹಾಕಿದೆವು. ಮದ್ದಳೆಯ ಪೆಟ್ಟು ಚುರುಕಾಗಿ ಬಿತ್ತು. ಭಾಗವತರ ಪದ್ಯ ಮುಗಿಯುತ್ತ ಬಂದಿತು. ಒಳಗಿದ್ದ ಅಜ್ಜಿ ಬಾಗಿಲಿಗೆ ಬಂದಳು, ಸೆರಗು ಸರಿಮಾಡಿಕೊಂಡು ಕಂಬಕ್ಕೊರಗಿ ಕುಳಿತಳು.

‘ಮಾತು ಶುರುಮಾಡುವ ಮೊದಲು ಒಂದು ಸಲ ಕೆಮ್ಮುತ್ತಾರೆ, ನೋಡು’ ಎಂದಳು.

ಅಜ್ಜ ಕೆಮ್ಮಿದರು.