ಕೋಡ ತಾಲೂಕು ಎಲ್ಲಿ ಹೋಯಿತು?

ಹಿರೇಕೆರೂರಿನ ಹಳೆಯ ದಾಖಲೆ ಹುಡುಕಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಹೆಸರಿನದು. 1884ರಲ್ಲಿ ಹೊರಬಂದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ ಧಾರವಾಡ ಸಂಪುಟದಲ್ಲಿ ಹಿರೇಕೆರೂರು ತಾಲೂಕು ಇಲ್ಲ, ಶಿಗ್ಗಾಂವಿ ತಾಲೂಕೂ ಇಲ್ಲ. ಅಂದಿನ ಜಿಲ್ಲೆಯ 11 ತಾಲೂಕುಗಳಲ್ಲಿ ಹಾನಗಲ್ಲ ಇದೆ. ಅದರ ನೆರೆಯಲ್ಲಿ ಕೋಡ, ಬಂಕಾಪುರ, ಕರಜಗಿ ಇವೆ. ಕೋಡ ತಾಲೂಕಿನ ಕಚೇರಿ ಇದ್ದದ್ದು ಹಿರೇಕೆರೂರಿನಲ್ಲಿ, ಬಂಕಾಪುರದ್ದು ಶಿಗ್ಗಾಂವಿಯಲ್ಲಿ. ಹೆಸರು ಒಂದು ಊರಿನದು, ಕಚೇರಿ ಇನ್ನೊಂದು ಊರಿನಲ್ಲಿ. ಮುಂದೆ ಕಚೇರಿ ಇದ್ದ ಊರೇ ತಾಲೂಕಿಗೆ ಹೆಸರಾಯಿತು. ಕೋಡ ಈಗ ಹಿರೇಕೆರೂರು ತಾಲೂಕಿನದೊಂದು ಹಳ್ಳಿ.

ಸಂತ ಶಿಶುನಾಳ ಶರೀಫರ ಊರನ್ನು ಇಂದು ಶಿಗ್ಗಾಂವಿ ತಾಲೂಕಿನದೆಂದು ಸಲೀಸಾಗಿ ಬರೆಯುತ್ತಾರೆ. 1889ರಲ್ಲಿ ಶರೀಫರು ತೀರಿಕೊಂಡಾಗ ಆ ಹೆಸರಿನ ತಾಲೂಕೇ ಇರಲಿಲ್ಲ. ಹಳೆಯ ನಕಾಶೆ ಪಕ್ಕದಲ್ಲಿಲ್ಲದೆ ಚರಿತ್ರೆ ಬರೆದರೆ ಹೀಗೆ ಇಂದಿನ ಗೆರೆಗಳು ನಿನ್ನೆಯ ಮೇಲೆ ಹೋಗಿ ಕೂರುತ್ತವೆ.

ಸವಣೂರಿನದು ಇದಕ್ಕಿಂತ ದೊಡ್ಡ ಕಥೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಅಬ್ದುಲ್ ರವೂಫ್ ಖಾನ್ ಔರಂಗಜೇಬನಿಂದ ಪಡೆದ ಜಹಗೀರು ಬಂಕಾಪುರದಿಂದ ತೊರಗಲ್ಲು, ಬೆಳಗಾವಿಯವರೆಗೆ ಚಾಚಿತ್ತು. ಆ ಮೇಲೆ ಪೇಶ್ವೆ, ನಿಜಾಮ, ಹೈದರ್, ಟಿಪ್ಪು ನಡುವಿನ ಎಳೆದಾಟದಲ್ಲಿ ಅದು ಕರಗುತ್ತಾ ಬಂತು. 1756ರಲ್ಲಿ ಪೇಶ್ವೆ ಮತ್ತು ನಿಜಾಮನ ಸೈನ್ಯಗಳು ಸೇರಿ ಊರಿಗೆ ಮುತ್ತಿಗೆ ಹಾಕಿದಾಗ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳೂ ಅಲ್ಲಿದ್ದವು. ಬ್ರಿಟಿಷರ ಕಾಲದ ನಕಾಶೆಯಲ್ಲಿ ನವಾಬರಿಗೆ ಉಳಿದದ್ದು ಸುಮಾರು 70 ಚದರ ಮೈಲಿ, ಇಪ್ಪತ್ತು ಚಿಲ್ಲರೆ ಹಳ್ಳಿಗಳು. ಸುತ್ತಮುತ್ತಲೂ ಇಂಥದೇ ತೇಪೆಗಳು: ಲಕ್ಷ್ಮೇಶ್ವರ ಮೀರಜಿನವರದು, ಶಿರಹಟ್ಟಿ ಸಾಂಗಲಿಯವರದು, ಕುಂದಗೋಳ ಜಮಖಂಡಿಯವರದು. 1909ರಲ್ಲಿ ಕವಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಬ್ರಿಟಿಷ್ ಜಿಲ್ಲೆಯಲ್ಲಲ್ಲ, ಸವಣೂರಿನ ಈ ಪುಟ್ಟ ಸಂಸ್ಥಾನದಲ್ಲಿ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಆ ಗೆರೆ ಅಳಿಸಿತು.

ಸವಣೂರು ಪಟ್ಟಣದ ಆಕಾರವೂ ನೋಡತಕ್ಕದ್ದು. ಹಳೆಯ ವರ್ಣನೆಗಳ ಪ್ರಕಾರ ಊರು ಹೆಚ್ಚುಕಡಿಮೆ ದುಂಡಗಿತ್ತು. ಸುತ್ತ ಕಂದಕ, ಎಂಟು ಅಗಸೆಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ಅವುಗಳಲ್ಲಿ ಮೂರು ಪಾಳುಬಿದ್ದಿದ್ದವು. ಇಂಥ ಊರಿನ ಬೆಳವಣಿಗೆಯನ್ನು ಓದಲು ಕಂದಕದ ಗೆರೆಯೇ ಆಧಾರ. ಅದರೊಳಗಿನದು ನವಾಬರ ಕಾಲದ ಪೇಟೆ. ಹೊರಗಿನದನ್ನು ಯಾವ ವರ್ಷದ ನಕಾಶೆಯಲ್ಲಿ ಮೊದಲು ಕಾಣುತ್ತೇವೆಯೋ ಅದೇ ಅದರ ವಯಸ್ಸಿಗೆ ಸಾಕ್ಷಿ.

ಈ ಗೆರೆಗಳನ್ನು ಎಳೆದ ಕೈಗಳ ಬಗ್ಗೆಯೂ ಹೇಳಬೇಕು. ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಮುಂಬಯಿ ಪದ್ಧತಿಯ ಮೋಜಣಿಯಲ್ಲಿ ಸರಪಳಿಯ ಉದ್ದ 33 ಅಡಿ. ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಬಿಸಿಲಲ್ಲಿ ಸರಪಳಿ ಎಳೆದು, ಬಾಂದಗಲ್ಲು ನೆಟ್ಟು, ಹಳ್ಳ, ಬಾವಿ, ಬಂಡಿದಾರಿ ಗುರುತಿಸಿದ ಆ ಕೆಲಸದ ಮೇಲೆಯೇ ಇಂದಿನ ಉತಾರವೂ ನಿಂತಿದೆ. ಜನ ಬಿಟ್ಟುಹೋದ ಬೇಚರಾಕ್ ಗ್ರಾಮಕ್ಕೂ ಅಲ್ಲಿ ತನ್ನದೇ ಗಡಿ ಉಂಟು. ಊರು ಬೆಳೆದಾಗ ಗಾಂವಠಾಣದ, ಅಂದರೆ ಮನೆಗಳಿರುವ ನೆಲದ, ಅಂಚಿನ ಹೊಲ ಎನ್ಎ (ಕೃಷಿಯೇತರ) ಆಗಿ ಪ್ಲಾಟಾಗುತ್ತದೆ. ಬಡಾವಣೆಗೆ ಹೊಸ ಹೆಸರು ಬಂದರೂ ಕಾಗದದಲ್ಲಿ ಹಳೆಯ ಸರ್ವೆ ನಂಬರ್ ಬಿಡುವುದಿಲ್ಲ. ಊರು ಯಾವ ಕಡೆಗೆ ಬೆಳೆಯಿತು ಎಂದು ಕೇಳುವವರಿಗೆ ಇದಕ್ಕಿಂತ ನಂಬಿಕಸ್ಥ ಸುಳಿವು ಇನ್ನೊಂದಿಲ್ಲ.

ಭಾರತೀಯ ಸರ್ವೇಕ್ಷಣಾ ಇಲಾಖೆಯ '48 ಎನ್' ಹಾಳೆಯಲ್ಲಿ ಹಿರೇಕೆರೂರು, ಹಾನಗಲ್ಲ, ಶಿಗ್ಗಾಂವಿ, ಸವಣೂರು ಈ ನಾಲ್ಕೂ ಪಟ್ಟಣಗಳು ಒಟ್ಟಿಗೆ ಸಿಗುತ್ತವೆ. ಶಿಗ್ಗಾಂವಿಯಂತೂ 15 ಡಿಗ್ರಿ ಅಕ್ಷಾಂಶಕ್ಕೆ ಅಂಟಿಕೊಂಡಂತಿದೆ. ಅದರ ಉತ್ತರದ ಸೀಮೆ ನೋಡಲು ಮೇಲಿನ '48 ಎಂ' ಹಾಳೆ ತರಿಸಬೇಕು. 1956ಕ್ಕಿಂತ ಹಿಂದಿನ ಮುದ್ರಣ ಸಿಕ್ಕರೆ ಹಿರೇಕೆರೂರಿನ ದಕ್ಷಿಣದಂಚನ್ನು ಗಮನಿಸಬೇಕು. ಮಾಸೂರಿನಿಂದ ಶಿಕಾರಿಪುರಕ್ಕೆ ಹೋಗುವುದೆಂದರೆ ಆಗ ಮುಂಬಯಿ ರಾಜ್ಯ ದಾಟಿ ಮೈಸೂರಿಗೆ ಹೋಗುವುದು. ಎರಡೂ ಕಡೆ ಅದೇ ಕನ್ನಡ, ಅದೇ ಕುಮುದ್ವತಿ ಹೊಳೆ. 1956ರ ನವೆಂಬರ್ 1ಕ್ಕೆ ಆ ರಾಜ್ಯದ ಗಡಿ ಜಿಲ್ಲೆಯ ಗಡಿಯಾಯಿತು. 1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆ ಹುಟ್ಟಿ ಧಾರವಾಡದ ಗೆರೆ ಹಿಂದೆ ಸರಿಯಿತು. ಹಿರೇಕೆರೂರನ್ನು ಒಡೆದು ಮಾಡಿದ ರಟ್ಟೀಹಳ್ಳಿ ತಾಲೂಕು 2018ರದು.

ಸವಣೂರು ಸಂಸ್ಥಾನದ ಕಾಗದಪತ್ರ, ಕೋಡ ಅಥವಾ ಬಂಕಾಪುರ ತಾಲೂಕು ಎಂದು ಮುದ್ರೆ ಬಿದ್ದ ಗ್ರಾಮನಕಾಶೆ ಈ ಭಾಗದ ಕೆಲವು ಮನೆಗಳ ಟ್ರಂಕಿನಲ್ಲಿ ಇನ್ನೂ ಇದ್ದಾವು. ಅಂಥ ಮನೆಯವರು ದಯವಿಟ್ಟು ಅವನ್ನು ಮಡಿಸಿ ಇಡಬೇಡಿ. ಮಡಿಕೆಯಲ್ಲೇ ಕಾಗದ ಮೊದಲು ಹರಿಯುವುದು. ಒಂದು ಒಳ್ಳೆಯ ಸ್ಕ್ಯಾನ್ ಮಾಡಿಸಿ, ಒಂದು ಪ್ರತಿಯನ್ನು ರಾಜ್ಯ ಪತ್ರಾಗಾರಕ್ಕೋ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೋ ತಲುಪಿಸಿ.