ಹೆಬ್ಬಾಗಿಲಲ್ಲಿ ನಿಂತವರು

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ ಪರಂಪರೆಯ ಮಠವಿದೆ. ನೀಲಗಾರರು ಇರುಳಿಡೀ ಹಾಡುವ ಆ ಮಹಾಕಥನದ ಕಲ್ಯಾಣದ ಭಾಗವನ್ನು ಕೇಳದ ಹಿರಿಯರು ಮಂಡ್ಯ ಸೀಮೆಯಲ್ಲಿ ವಿರಳ. ಬಸವಣ್ಣನವರ ಮಹಾಮನೆಯಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆಯುತ್ತಿರುವಾಗ ಮಂಟೇದಯ್ಯನವರು ಹೀನ ವೇಷ ತಾಳಿ ಬರುತ್ತಾರೆ. ಬಾಗಿಲು ಕಾಯುವವರು ಅವರನ್ನು ತಡೆಯುತ್ತಾರೆ. ಒಳಗೆ ಅನ್ನವಿತ್ತು, ನೀಡುವ ಮನಸ್ಸೂ ಇತ್ತು. ಆದರೂ ಬಂದವರು ಹೊರಗೆ ನಿಂತರು. ಶರಣಪಥದ ಬಗ್ಗೆ ಜನಪದವು ಎತ್ತಿದ ಈ ಪ್ರಶ್ನೆಯನ್ನು ಶರಣಭಕ್ತರು ಬೇಸರವಿಲ್ಲದೆ ಕೇಳಿಸಿಕೊಳ್ಳುವುದು ಉಚಿತ.

ಇಂದು ನಾಡಿನ ಅತಿ ದೊಡ್ಡ ಅನ್ನದ ಬಾಗಿಲೆಂದರೆ ನ್ಯಾಯಬೆಲೆ ಅಂಗಡಿ. ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗರ ಬಾಯಲ್ಲಿ ಅದು ‘ಸೊಸೈಟಿ’. ಅಲ್ಲಿ ದೊರೆಯುವ ಧಾನ್ಯವನ್ನು ಬಹುಜನರು ಸರ್ಕಾರದ ಔದಾರ್ಯವೆಂದೇ ತಿಳಿದಿದ್ದಾರೆ. 2001ರಲ್ಲಿ ಉಗ್ರಾಣಗಳು ಧಾನ್ಯದಿಂದ ತುಂಬಿ ತುಳುಕುತ್ತಿದ್ದಾಗಲೇ ಬರಪೀಡಿತರು ಹಸಿದಿದ್ದರು. ಆಗ ಸರ್ವೋಚ್ಚ ನ್ಯಾಯಾಲಯಕ್ಕೆ ಒಂದು ಅರ್ಜಿ ಹೋಯಿತು. ಅದೇ ವರ್ಷದ ನವೆಂಬರ್ 28ರ ಆದೇಶದಿಂದ ಆಹಾರ ಯೋಜನೆಗಳು ಹಕ್ಕುಗಳಾದವು. ಶಾಲೆಯ ಬಿಸಿಯೂಟವೂ ಆ ಆದೇಶದ ಫಲವೇ. ಕರ್ನಾಟಕವು ಅದಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟುದು ಸಾರ್ಥಕ. ಬಳಿಕ 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದಿತು. ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಲ್ಲಬೇಕೆಂಬುದು ಅದರ ವಿಧಿ. 2023ರ ಜನವರಿಯಿಂದ ಇದಕ್ಕೆ ಬೆಲೆಯನ್ನೂ ಕೇಳುತ್ತಿಲ್ಲ.

ಅದೇ 2013ರ ಜುಲೈಯಲ್ಲಿ ರಾಜ್ಯದ ಯೋಜನೆಗೆ ‘ಅನ್ನಭಾಗ್ಯ’ವೆಂಬ ಹೆಸರಾಯಿತು. ಸವಿಯಾದ ಹೆಸರೇನೋ ಹೌದು. ಆದರೆ ಭಾಗ್ಯವೆಂಬುದು ಒಲಿಯಲೂಬಹುದು, ಮುನಿಯಲೂಬಹುದು. ರಾಜ್ಯವು ಸೇರಿಸಿ ಕೊಡುವ ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗಿದೆ. 2023ರ ಜುಲೈಯಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬಂದಿತು, 2025ರಲ್ಲಿ ಹಣ ಹೋಗಿ ಅಕ್ಕಿ ಬಂದಿತು. ಕಾಯ್ದೆಯ 5 ಕಿಲೋ ಮಾತ್ರ ಯಾರ ಕೃಪೆಯನ್ನೂ ಕಾಯದೆ ನಿಂತಿದೆ. ದಾಸೋಹದಲ್ಲಿ ನೀಡುವವನು ದಾಸನಾಗಿ ಬಾಗುತ್ತಾನೆ, ಉಣ್ಣುವವನು ಬಾಗಬೇಕಿಲ್ಲ. ಶಾಸನದ ಭಾಷೆ ಬೇರೆಯಾದರೂ ಇಲ್ಲಿ ಅದರ ಆಶಯವು ಶರಣರ ಆಶಯಕ್ಕೆ ಹತ್ತಿರವಾದುದು.

ಈ ಮಾತು ಅಂಗಡಿಯ ಮುಂದಿನ ಸಾಲಿಗೆ ತಲುಪಿದೆಯೇ? ಮಳವಳ್ಳಿ ಕಡೆಯ ಹಳ್ಳಿಯೊಂದರ ಅಜ್ಜಿ ನಲವತ್ತು ವರ್ಷ ಕಬ್ಬಿನ ಗದ್ದೆಯಲ್ಲಿ ದುಡಿದವರು. ಕುಡುಗೋಲು, ಸೋಗೆಗಳ ಸಹವಾಸದಲ್ಲಿ ಅವರ ಹೆಬ್ಬೆರಳಿನ ಗೆರೆಗಳು ಸವೆದುಹೋಗಿವೆ. ಯಂತ್ರಕ್ಕೆ ಆ ಬೆರಳಿನ ಗುರುತು ಸಿಕ್ಕುವುದಿಲ್ಲ. “ಬೆಟ್ಟು ತಗೊಳ್ತಾ ಇಲ್ಲ ಕಣವ್ವ, ನಾಳಿಕ್ ಬಾ” ಎಂದು ಅಂಗಡಿಯವನು ಮೂರು ದಿನ ಹೇಳಿದ. “ಹೆಂಗಾರ ಮಾಡಿ ಕೊಟ್ಬುಡಪ್ಪ” ಎಂದು ಅಜ್ಜಿ ಕೈಮುಗಿದರು. ಅಂಗಡಿಯವನು ಕೆಟ್ಟವನಲ್ಲ, ಸರ್ವರ್ ಕೈಕೊಟ್ಟ ದಿನ ಬೈಗುಳ ತಿನ್ನುವವನೂ ಅವನೇ. ಕಾಯಕವೇ ಬೆರಳನ್ನು ಸವೆಸಿತು, ಸವೆದ ಬೆರಳೇ ಅನ್ನಕ್ಕೆ ಅಡ್ಡವಾಯಿತು ಎಂಬುದು ಎಂಥ ವಿಪರ್ಯಾಸ!

ಬೆರಳಚ್ಚು ಹೊಂದಲಿಲ್ಲವೆಂದು ಅರ್ಹರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಕೇಂದ್ರದ ಆಹಾರ ಇಲಾಖೆಯು 24-10-2017ರಂದೇ ರಾಜ್ಯಗಳಿಗೆ ಸೂಚಿಸಿದೆ. ಯಂತ್ರ ಒಪ್ಪದಿದ್ದರೆ ದಾಖಲೆ ನೋಡಿ ಧಾನ್ಯ ಕೊಡಬೇಕು, ಅದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಧಾನ್ಯ ಸಿಕ್ಕದೇ ಹೋದರೆ ಆಹಾರ ಭದ್ರತಾ ಭತ್ಯೆಗೂ ಕಾಯ್ದೆಯಲ್ಲಿ ಅವಕಾಶವಿದೆ. ಚೀಟಿಯಲ್ಲಿ ಮನೆಯ ಯಜಮಾನಿಯೆಂದು ಬರೆಯಬೇಕಾದುದು ಹದಿನೆಂಟು ದಾಟಿದ ಹಿರಿಯ ಹೆಣ್ಣುಮಗಳ ಹೆಸರನ್ನು. ಬೆಂಗಳೂರಿಗೆ ಕೂಲಿಗೆ ಹೋದ ಮಗನು ತನ್ನ ಪಾಲನ್ನು ಅಲ್ಲಿಯೇ ಪಡೆಯಬಹುದು. ದೂರು ಹೇಳಲು 1967 ಸಂಖ್ಯೆಯಿದೆ, ಜಿಲ್ಲೆಯಲ್ಲಿ ಕುಂದುಕೊರತೆ ಅಧಿಕಾರಿಯುಂಟು, ಅದರ ಮೇಲೆ ರಾಜ್ಯ ಆಹಾರ ಆಯೋಗವುಂಟು.

ಪಡಿತರದ ಮಾತು ಬಂದಾಗ ಕೆಲವರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯುತ್ತಾರೆ. ಮಾರಯ್ಯನು ತಂದ ಹೆಚ್ಚಿನ ಅಕ್ಕಿಯನ್ನು ಆ ತಾಯಿ ಮರಳಿಸಿದಳೆಂದೂ ಬಡವರಿಗೆ ಆಸೆ ಸಲ್ಲದೆಂದೂ ಹೇಳುತ್ತಾರೆ. ಲೆಕ್ಕವನ್ನಾದರೂ ನೋಡಬೇಕು. 5 ಕಿಲೋ ಎಂದರೆ ದಿನಕ್ಕೆ ಸುಮಾರು 165 ಗ್ರಾಂ. ದುಡಿಯುವ ಜೀವಕ್ಕೆ ಒಂದು ಹೊತ್ತಿನ ಊಟ. ಲಕ್ಕಮ್ಮ ಮರಳಿಸಿದ್ದು ಅಗತ್ಯಕ್ಕೆ ಮೀರಿದುದನ್ನು. ವರ್ಷಕ್ಕೆ 1,20,000 ರೂಪಾಯಿಗಿಂತ ಹೆಚ್ಚು ಆದಾಯವಿದ್ದೂ ಬಡತನದ ಚೀಟಿ ಹಿಡಿದವರು ಆಕೆಯ ಮಾತನ್ನು ತಮಗೆ ತಾವೇ ಹೇಳಿಕೊಳ್ಳಲಿ. 2024ರ ನವೆಂಬರಿನಲ್ಲಿ ಅನರ್ಹರ ಚೀಟಿ ರದ್ದುಗೊಳಿಸಲು ಹೊರಟಾಗ ಅರ್ಹರವೂ ಹೋದವು. ಅವನ್ನು ಮರಳಿ ಕೊಡಬೇಕಾಯಿತು.

ಮಂಡ್ಯದವರಿಗೆ ಅಕ್ಕಿಯೊಂದೇ ಸಾಲದು, ಮುದ್ದೆ ಬೇಕು. ಕಾಯ್ದೆಯು ‘ಒರಟು ಧಾನ್ಯ’ವೆಂದು ಕರೆಯುವ ರಾಗಿಯು ಇಲ್ಲಿನ ಮೃಷ್ಟಾನ್ನ. ಭಾರತ, ಆಫ್ರಿಕಾಗಳ ತಳಿಗಳನ್ನು ಕೂಡಿಸಿ ಲಕ್ಷ್ಮಣಯ್ಯನವರು ‘ಇಂಡಾಫ್’ ರಾಗಿಯನ್ನು ರೂಪಿಸಿದ್ದು ಇದೇ ಮಂಡ್ಯದ ವಿ.ಸಿ. ಫಾರಂನಲ್ಲಿ. ರೈತರಿಂದ ಬೆಂಬಲ ಬೆಲೆಗೆ ಕೊಂಡ ರಾಗಿಯು ಈ ಭಾಗದ ಪಡಿತರದಲ್ಲಿಯೂ ಸೇರಿದೆ. ಬೆಳೆದವನ ಮನೆಗೇ ಅದು ಮರಳುವುದುಂಟು.

ನಾಲ್ಕನೆಯ ದಿನ ಅಜ್ಜಿಯೊಡನೆ ಏಳನೆಯ ತರಗತಿಯ ಮೊಮ್ಮಗಳು ಹೋದಳು. ಅಂಗಡಿಯ ಫಲಕವನ್ನು ಓದಿ, “ಅಣ್ಣ, ಬೆಟ್ಟು ಬರ್ದೆ ಇದ್ರೆ ಬರ್ಕೊಳೋ ಪುಸ್ತಕ ಇರ್ಬೇಕಂತಲ್ಲ, ಎಲ್ಲದೆ?” ಎಂದು ಕೇಳಿದಳು. ಅಂಗಡಿಯವನು ತಕ್ಕಡಿಯ ಹಿಂದಿನಿಂದ ಪುಸ್ತಕವೊಂದನ್ನು ಎಳೆದು ಧೂಳು ಕೊಡವಿದ. ಆ ತಿಂಗಳ ಪುಟದಲ್ಲಿ ಅಜ್ಜಿಯದೇ ಮೊದಲ ಹೆಸರು.